ಮೊದಲು ನಿಂತ ಬಾಗಿಲು

ಯಾರ ಮನೆಗೆ ಹೋದರೂ ಅವರು ಮೊದಲು ಗೋಡೆ ತಟ್ಟುತ್ತಿದ್ದರು. ಬೆರಳು ಮಡಚಿ, ಬಾಗಿಲು ಬಡಿಯುವ ಹಾಗೆ. ಕೂರುವುದು, ನೀರು ಕೇಳುವುದು ಎಲ್ಲ ಆಮೇಲೆ. ಹೊನ್ನಾಳಿಯ ನಮ್ಮ ಮನೆಗೆ ಮೊದಲ ಸಲ ಬಂದಾಗಲೂ ಹಾಲ್‌ನ ಗೋಡೆ ತಟ್ಟಿ ಕಿವಿಗೊಟ್ಟರು. "ಅವಸರದಾಗೆ ಕಟ್ಟಿಸೀರಿ. ಇಟ್ಟಿಗೆಗೆ ಸರಿಯಾಗಿ ನೀರು ಕುಡಿಸಿಲ್ಲ" ಅಂದರು. ಚಹಾದ ಲೋಟ ಹಿಡಿದು ಬಂದ ನನ್ನ ಹೆಂಡತಿ ಅಲ್ಲೇ ನಿಂತಳು. ಆ ಮಾತನ್ನು ಅವಳು ಇವತ್ತಿಗೂ ಮರೆತಿಲ್ಲ. ಆ ಗೋಡೆಗೆ ಮರುವರ್ಷ ಬಿರುಕು ಬಂದದ್ದನ್ನೂ ಮರೆತಿಲ್ಲ.

ಈ ಮಳೆಗಾಲಕ್ಕೆ ಮುಂಚೆ ಅವರು ತೀರಿಕೊಂಡರು. ನ್ಯಾಮತಿಯಿಂದ ಫೋನ್ ಬಂದಾಗ ನಾನು ತಾಲ್ಲೂಕು ಕಚೇರಿಯ ಸಭೆಯೊಂದರಲ್ಲಿದ್ದೆ. ಹೊರಗೆ ಬಂದು ಪತ್ರಿಕೆಯ ಡೆಸ್ಕಿಗೆ ತಿಳಿಸಿದೆ.

"ಏನಂತ ಹಾಕೋದು ಸರ್? ಯಾರು ಅವರು?" ಎಂದು ಆ ಕಡೆಯ ಉಪಸಂಪಾದಕಿ ಕೇಳಿದರು.

ಸರಿಯಾದ ಪ್ರಶ್ನೆಯೇ. ಚನ್ನಗಿರಿಯ ಪಾಲಿಟೆಕ್ನಿಕ್ ಒಂದರಲ್ಲಿ ಸಿವಿಲ್ ವಿಭಾಗದ ಉಪನ್ಯಾಸಕಿಯಾಗಿದ್ದರು. ಅವಧಿಗೆ ಮುಂಚೆ ಕೆಲಸ ಬಿಟ್ಟು, ನ್ಯಾಮತಿಯಲ್ಲಿ ಅಪ್ಪ ನಡೆಸುತ್ತಿದ್ದ ಮರ ಕೊಯ್ಯುವ ಸಾಮಿಲ್ಲಿಗೆ ಬಂದು ಕೂತರು. ಅಲ್ಲಿ ಮರದ ಮನೆಗಳನ್ನು ಮಾಡಿದರು. ಮನೆ ಮಾಡುವವರು ಎಂಬ ಹುದ್ದೆ ನಮ್ಮ ನಿಧನ ವಾರ್ತೆಗಳ ರೂಢಿಯಲ್ಲಿಲ್ಲ. "ನಿವೃತ್ತ ಉಪನ್ಯಾಸಕಿ ನಿಧನ" ಎಂದು ಒಂದು ಕಾಲಂ ಬಂತು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಇಲ್ಲಿ ಅವರ ಹೆಸರು ಬರೆಯುತ್ತಿಲ್ಲ. ಬದುಕಿದ್ದಾಗಲೇ ಅವರು ಅದಕ್ಕೆ ಒಪ್ಪುತ್ತಿರಲಿಲ್ಲ. "ಮನೆ ಫೋಟೋ ಹಾಕ್ರಿ. ನನ್ನ ಮುಖ ನೋಡಿ ಯಾರಿಗೇನಾಗಬೇಕೈತೆ?" ಅನ್ನುತ್ತಿದ್ದರು. ಊರಿನವರಿಗೆ ಅವರು ಸಾಮಿಲ್ ಮೇಡಮ್. ನನಗೂ ಅಷ್ಟೇ.

ಹಣೆಗೆ ವಿಭೂತಿ, ತುರುಬಿನಲ್ಲಿ ಹೂವಿನ ಜಾಗದಲ್ಲಿ ಒಂದು ಪೆನ್ಸಿಲ್. ಮಾತಾಡುತ್ತಾ ಮಾತಾಡುತ್ತಾ ಅದನ್ನು ಎಳೆದು ಸಿಕ್ಕಿದ ಹಲಗೆಯ ಮೇಲೆ ಗೀಚುತ್ತಿದ್ದರು. ಮಾತು ಮುಗಿದ ಮೇಲೆ ಪೆನ್ಸಿಲ್ ಎಲ್ಲಿಟ್ಟೆ ಎಂದು ಹುಡುಕುತ್ತಿದ್ದರು. ಕೂದಲು ಬಿಚ್ಚಿಕೊಂಡು ಹೆಗಲ ಮೇಲೆ ಬಿದ್ದಿರುತ್ತಿತ್ತು. ಹಳೆಯ ಸ್ಕೂಟರ್ ಮೇಲೆ ಸವಳಂಗದ ಕಡೆ ಹೋಗಿ, ಹೊಲದ ಬದುವಿನಲ್ಲಿ ನಿಂತ ಸಿಲ್ವರ್ ಓಕ್, ಅಕೇಶಿಯಾ ಮರಗಳನ್ನು ತಾವೇ ನೋಡಿ ಆರಿಸುತ್ತಿದ್ದರು. ಅವರ ಬಾಯಿಗೆ ಹೆದರದವರಿರಲಿಲ್ಲ. ಡೊಂಕು ಮರವನ್ನು ನೇರ ಎಂದು ಮಾರಲು ಬಂದ ಒಬ್ಬ ರೈತನಿಗೆ, "ಯಜಮಾನ್ರೇ, ಮೊದಲು ನೀವು ನೆಟ್ಟಗೆ ನಿಂತ್ಕಳ್ರಿ, ಆಮೇಲೆ ಮರ ನೋಡಾಣ" ಅಂದದ್ದನ್ನು ಕೇಳಿದ್ದೇನೆ. ಆತ ನಕ್ಕು ಮರ ಕೊಟ್ಟೇ ಹೋದ.

ಅವರು ಕೆಲಸ ಬಿಟ್ಟದ್ದು ಏಕೆ ಎಂದು ಒಮ್ಮೆ ಕೇಳಿದ್ದೆ. ನ್ಯಾಮತಿ ತಾಲ್ಲೂಕು ಕೇಂದ್ರವಾಗಿ ಹೆಚ್ಚು ಕಾಲ ಆಗಿರಲಿಲ್ಲ. ಕಚೇರಿಗಳು ಬಂದವು, ಬೋರ್ಡುಗಳು ಬಂದವು, ಮನೆಗಳು ಬರಲಿಲ್ಲ. ವರ್ಗವಾಗಿ ಬಂದ ಗುಮಾಸ್ತರು ಒಂದೊಂದು ಕೋಣೆಯಲ್ಲಿ ಮೂರ್ನಾಲ್ಕು ಜನ ಮಲಗುತ್ತಿದ್ದರು. ದನದ ಕೊಟ್ಟಿಗೆಗೆ ಸುಣ್ಣ ಹೊಡೆದು ಬಾಡಿಗೆಗೆ ಕೊಟ್ಟವರಿದ್ದರು. ಇಲ್ಲಿ ಹೊನ್ನಾಳಿಯಲ್ಲಿ ಇನ್ನೊಂದು ಬಗೆ. ತುಂಗಭದ್ರೆ ತುಂಬಿದಾಗ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗುತ್ತದೆ, ಜನರನ್ನು ಶಾಲೆಯ ಕೋಣೆಗಳಿಗೆ ಸಾಗಿಸುತ್ತಾರೆ, ನೀರು ಇಳಿದ ಮೇಲೆ ಅವರು ಅದೇ ಗೋಡೆಗಳ ನಡುವೆ ವಾಪಸಾಗುತ್ತಾರೆ. ನಾನು ಆ ಸುದ್ದಿಯನ್ನು ಪ್ರತಿ ಸಲ ಬರೆದಿದ್ದೇನೆ. ಕೆಲವು ವಾಕ್ಯಗಳನ್ನು ಬದಲಾಯಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

"ಎತ್ತರದಾಗೆ ಸೈಟ್ ಕೊಟ್ಟಾರಲ್ಲ, ಯಾಕೆ ಕಟ್ಕಳಲ್ಲ ಅಂತ ಕೇಳ್ತೀರಿ. ಕೂಲಿ ಬಿಟ್ಟು ನಿಂತು ಕಟ್ಟಾಕೆ ಯಾರಿಗೆ ಆಗ್ತೈತ್ರಿ? ಗೋಡೆ ಏಳೋ ಹೊತ್ತಿಗೆ ಮಳೆ ಬರ್ತೈತೆ. ಮುಂದಿನ ವರ್ಷ ಅಂತಾರೆ. ನಮ್ಮೋರು ಅರ್ಧ ಆಯಸ್ಸು ಪಾಯದ ಮೇಲೆ ಕಳೀತಾರೆ" ಅಂದರು. "ಬೆಳಿಗ್ಗೆ ಟ್ರ್ಯಾಕ್ಟರ್‌ನಾಗೆ ಮನೆ ಬರಬೇಕು, ಸಂಜೆ ಅದ್ರಾಗೆ ದೀಪ ಹಚ್ಚಬೇಕು. ಇದನ್ನ ಕ್ಲಾಸಿನಾಗೆ ಹೇಳಿದ್ರೆ ಹುಡುಗ್ರು ನೋಟ್ಸ್ ಬರ್ಕಳ್ತಾರೆ. ಯಾರೂ ಕಟ್ಟಲ್ಲ."

ಅವರ ಮನೆಯ ಲೆಕ್ಕಾಚಾರ ಸರಳ. ಔಷಧಿ ನೀರಿನಲ್ಲಿ ನೆನೆಸಿ ಒಣಗಿಸಿದ ಮರದ ಗೋಡೆಗಳು. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹಿಡಿಯುವಷ್ಟೇ ಅಗಲ. ಎಲ್ಲಾ ಗೋಡೆಗಳದೂ ಒಂದೇ ಅಳತೆ, ಒಂದೇ ಬೋಲ್ಟು. ಸಿಮೆಂಟಿನ ಕಟ್ಟೆ ಸಿದ್ಧವಿದ್ದರೆ ಸಾಕು. "ಯಾವ ಗೋಡೆ ಎಲ್ಲಿಟ್ಟರೂ ಕೂಡ್ತೈತೆ. ತಪ್ಪು ಮಾಡ್ಬೇಕಂದ್ರೂ ಆಗಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಆ ಮಾತನ್ನು ನಾನು ಒಂದು ವರದಿಯಲ್ಲಿ ಬಳಸಿದ್ದೂ ಇದೆ.

ಸಾಮಿಲ್ಲಿನ ಅಂಗಳದಲ್ಲಿ ಮಾದರಿ ಮನೆ ಎದ್ದಾಗ ಸುತ್ತಲಿನವರು ನೋಡಲು ಬಂದರು. ನೋಡಿದರು, ಒಳಗೆ ಹೋದರು, ಕಿಟಕಿ ತೆಗೆದು ಹಾಕಿದರು. ಯಾರೂ ತಮಗೆ ಬೇಕು ಅನ್ನಲಿಲ್ಲ.

"ಬೆಂಕಿಪೊಟ್ಟಣ ಇದ್ದಂಗೈತೆ ಮೇಡಮ್. ಕಡ್ಡಿ ನಾವೇನು?" ಎಂದ ಒಬ್ಬ.

"ನಿನ್ನ ತಲಿಯಾಗೆ ಮದ್ದು ಇದ್ರಲ್ಲೇನೋ ಹತ್ತೋದು" ಅಂದರು ಇವರು.

ಎಲ್ಲರೂ ನಕ್ಕರು. ಹಿಂದೆ ನಿಂತಿದ್ದ ಒಬ್ಬ ಮುದುಕಿ ಮಾತ್ರ ನಗದೆ ಕೇಳಿದಳು: "ಇದ್ರ ಬಾಗ್ಲು ಎಲ್ಲಿ ನಿಲ್ಸಿದ್ರವ್ವಾ? ಪೂಜೆ ಯಾರು ಮಾಡಿದ್ರು?"

ನಮ್ಮ ಕಡೆ ಮನೆ ಕಟ್ಟುವಾಗ ಪಾಯ ಮುಗಿದ ಮೇಲೆ ಮೊದಲು ಏಳುವುದು ಬಾಗಿಲ ಚೌಕಟ್ಟು. ಗೋಡೆ ಇನ್ನೂ ಇರುವುದಿಲ್ಲ. ಬಯಲಿನಲ್ಲಿ ಚೌಕಟ್ಟು ಒಂದನ್ನೇ ನಿಲ್ಲಿಸಿ, ಅರಿಶಿಣ ಕುಂಕುಮ ಹಚ್ಚಿ, ಮಾವಿನೆಲೆ ಕಟ್ಟಿ, ನವಧಾನ್ಯದ ಗಂಟು ಇಟ್ಟು ಕಾಯಿ ಒಡೆಯುತ್ತಾರೆ. ಅಂದಿನಿಂದ ಅದು ಮನೆ. ಗೋಡೆಗಳು ಆಮೇಲೆ ಬಂದು ಬಾಗಿಲಿಗೆ ಸೇರುತ್ತವೆ. ಮೇಡಮ್ ಮಾಡಿದ ಮನೆಯಲ್ಲಿ ಬಾಗಿಲು ಮುಂದಿನ ಗೋಡೆಯ ಒಳಗೇ ಸೇರಿ ಸಾಮಿಲ್ಲಿನಿಂದ ಬರುತ್ತಿತ್ತು. ಅದು ಒಂಟಿಯಾಗಿ ನಿಲ್ಲುವ ಗಳಿಗೆಯೇ ಇರಲಿಲ್ಲ.

ಆ ದಿನ ಅವರು ಸಿಡುಕಿದರು. "ಇಪ್ಪತ್ತು ವರ್ಷ ಪಾಠ ಮಾಡಿ ಈಗ ಮಾವಿನೆಲೆಗೆ ಡಿಸೈನ್ ಬದ್ಲಾಯಿಸ್ಲಾ?" ಅಂದರು. ಆದರೂ ಆ ಬೇಸಿಗೆ ಪೂರ್ತಿ ಕೂತು ಬದಲಾಯಿಸಿದರು. ಬಾಗಿಲು ಬೇರೆಯಾಯಿತು. ಅದಕ್ಕೆ ತನ್ನದೇ ಕಬ್ಬಿಣದ ಪಾದ ಬಂತು. ಚೌಕಟ್ಟು ಮೊದಲು ಬಂದು ಕಟ್ಟೆಯ ಮೇಲೆ ನಿಲ್ಲುತ್ತದೆ, ಪೂಜೆ ಆಗುತ್ತದೆ, ಗೋಡೆಗಳು ಮರುದಿನ ಬರುತ್ತವೆ. ನಾನು ನೋಡಲು ಹೋದಾಗ ಹೊಸ ಚೌಕಟ್ಟನ್ನು ಅಂಗಳದ ನಡುವೆ ನಿಲ್ಲಿಸಿ ಅದರೊಳಗಿಂದ ಆ ಕಡೆ ಈ ಕಡೆ ಓಡಾಡುತ್ತಿದ್ದರು. "ಆ ಮುದುಕಿ ಸರಿಯಾಗೇ ಹೇಳ್ಯಾಳೆ ಬಿಡ್ರಿ. ಜನ ಗೋಡೆಗೆ ಹೊಂದ್ಕಳಲ್ಲ. ಬಾಗ್ಲಿಗೆ ಹೊಂದ್ಕಳ್ತಾರೆ" ಅಂದರು.

ಮೊದಲ ಮನೆ ಹೊನ್ನಾಳಿಯ ಹಾಲಮ್ಮನಿಗೆ. ಹಾಲಮ್ಮ ಹೊಳೆದಂಡೆಯವಳು, ಮನೆಗೆಲಸಕ್ಕೆ ಹೋಗುತ್ತಿದ್ದಳು. ಗಂಡ ಕೆಂಚಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ. ಜೊತೆಗೆ ಕೆಂಚಪ್ಪನ ಅಪ್ಪ. ಎತ್ತರದ ಬಡಾವಣೆಯಲ್ಲಿ ಅವರಿಗೊಂದು ಸೈಟ್ ಸಿಕ್ಕಿ ಕಟ್ಟೆ ಆಗಿತ್ತು. ಅದರಿಂದಾಚೆಗೆ ಏನೂ ಆಗಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಶಾಲೆಯ ಕೋಣೆಯಲ್ಲಿ, ಪರದೆ ಕಟ್ಟಿದ ಮೂಲೆಯಲ್ಲಿ, ಹಾಲಮ್ಮನಿಗೆ ಹೆರಿಗೆ ಆಗಿತ್ತು. ಮಗು ಉಳಿಯಲಿಲ್ಲ. ಅವಳನ್ನು ಕಂಡು ಬಂದ ಮೇಲೆ ಮೇಡಮ್ ನನಗೆ ಫೋನ್ ಮಾಡಿದರು. "ಇನ್ನೊಂದು ಮಳೆಗಾಲ ಆಕಿ ಆ ಶಾಲಿಗೆ ಹೋಗಂಗಿಲ್ಲ" ಎಂದಷ್ಟೇ ಹೇಳಿ ಇಟ್ಟರು. ಬಡಾವಣೆಯ ಉಳಿದವರೂ ಕಾದು ನೋಡುತ್ತಿದ್ದರು. ಹಾಲಮ್ಮನ ಮನೆ ನಿಂತರೆ ತಮಗೂ ಅಂಥದ್ದೇ ಕೊಡಿ ಎಂದು ಅಧಿಕಾರಿಗಳನ್ನು ಕೇಳುವುದು ಎಂದು ಮಾತಾಗಿತ್ತು.

ಗೋಡೆಗಳು ಬರುವ ಮುಂಚಿನ ದಿನ ಸಂಜೆ ಚೌಕಟ್ಟು ಬಂತು. ಮುಹೂರ್ತ ಸೂರ್ಯ ಹುಟ್ಟುವ ಹೊತ್ತಿಗೆ. ಮೇಡಮ್ ಗೋಡೆಗಳ ಜೊತೆ ನ್ಯಾಮತಿಯಿಂದ ಬರುವಷ್ಟರಲ್ಲಿ ಬಿಸಿಲು ಏರಿತ್ತು. ನಾನು ಫೋಟೋ ತೆಗೆಯಲು ಆಗಲೇ ಹೋಗಿದ್ದೆ. ಚೌಕಟ್ಟು ನಿಂತಿತ್ತು, ಅರಿಶಿಣ ಹಚ್ಚಿತ್ತು, ಒಡೆದ ಕಾಯಿ ಹೊಸ್ತಿಲ ಎರಡೂ ಬದಿಗೆ ಇತ್ತು. ಕಬ್ಬಿಣದ ಪಾದದ ಸುತ್ತ ಸಿಮೆಂಟ್ ಹಾಕಿ ಗಟ್ಟಿಯೂ ಮಾಡಿದ್ದರು.

ಮೇಡಮ್ ಸ್ಕೂಟರ್ ನಿಲ್ಲಿಸಿ ನೋಡಿದರು. ಬಾಗಿಲು ಕಟ್ಟೆಯ ಪೂರ್ವದ ತುದಿಯಲ್ಲಿತ್ತು. ಅವರ ನಕ್ಷೆಯಲ್ಲಿ ಅದು ಪಶ್ಚಿಮಕ್ಕೆ, ರಸ್ತೆಯ ಕಡೆ ಇರಬೇಕಾಗಿತ್ತು. ಕಾರಣ ಮಳೆ. ನಮ್ಮಲ್ಲಿ ಜೋರು ಮಳೆ ಪಡುವಣದಿಂದ ಬೀಸಿ ಹೊಡೆಯುತ್ತದೆ. ಅದಕ್ಕಾಗಿ ಬಾಗಿಲ ಕಡೆಗೆ ಅಗಲವಾದ ಜಗಲಿ, ಅದರ ಮೇಲೆ ಉದ್ದನೆಯ ಸೂರು. ಹಿಂದಿನ ಗೋಡೆಗೆ ಬರೀ ಗೇಣಗಲದ ಸೂರು. ಮನೆ ಈಗ ಹಿಂದುಮುಂದಾಗಿತ್ತು. ಈಗ ಮಳೆಗೆ ಎದುರಾಗುವ ಹಿಂದಿನ ಗೋಡೆಗೆ ಹೊದಿಕೆ ಇರಲಿಲ್ಲ.

"ಯಾರು ಇಲ್ಲಿ ನಿಲ್ಸಿದ್ದು?"

ಕೆಂಚಪ್ಪನ ಅಪ್ಪ ಮುಂದೆ ಬಂದ. ಹೊಸ ಟವಲ್ಲು ಹೆಗಲ ಮೇಲಿತ್ತು. "ನಾನೇ ಕಣವ್ವಾ. ಪಡುವಲ ಬಾಗ್ಲು ನಮ್ಮ ಮನಿತನಕ್ಕೆ ಆಗಿ ಬರಂಗಿಲ್ಲ. ಹೋದ ವರ್ಷ ಮಗೀನ ಕಳ್ಕಂಡೀವಿ. ಎಲ್ಲಿಟ್ರೂ ಕೂಡ್ತೈತೆ ಅಂತ ನೀನೇ ಅಂದಿದ್ದೆ ನೋಡು."

"ಪೂಜೆ ಆಗೈತ್ರಿ ಮೇಡಮ್ಮೋರೆ" ಎಂದ ಕೆಂಚಪ್ಪ ಮೆಲ್ಲಗೆ.

ಪೂಜೆಯಾದ ಬಾಗಿಲನ್ನು ಕೀಳುವುದೆಂದರೆ ಇಲ್ಲಿ ಏನರ್ಥ ಎಂದು ಅವರಿಗೆ ಗೊತ್ತಿತ್ತು. ಹಾಲಮ್ಮ ಹೊಸ್ತಿಲ ಒಳಗೆ, ಅಂದರೆ ಬರಿಯ ಕಟ್ಟೆಯ ಮೇಲೆ, ಹೊಸ ಸೀರೆಯಲ್ಲಿ ಕೂತಿದ್ದಳು. ಮೇಡಮ್ ಅವಳನ್ನು ನೋಡಿದರು. ಆಮೇಲೆ ಚೌಕಟ್ಟನ್ನು ಬೆರಳಿನಿಂದ ತಟ್ಟಿದರು.

"ಗೋಡೆ ಇಳಸ್ರಿ" ಅಂದರು.

ದೀಪ ಹಚ್ಚುವ ಹೊತ್ತಿಗೆ ಮನೆ ನಿಂತಿತು. ಎಲ್ಲ ಗೋಡೆಗಳೂ ಕೂಡಿದವು. ಒಂದು ಬೋಲ್ಟೂ ತಕರಾರು ಮಾಡಲಿಲ್ಲ.

ಮೊದಲ ಮಳೆಗಾಲ ಒಳ್ಳೆಯದಾಗಿಯೇ ಹೋಯಿತು. ಹೊಳೆ ತುಂಬಿ ದಂಡೆಯ ಜನ ಮತ್ತೆ ಶಾಲೆಗೆ ಹೋದರು. ಹಾಲಮ್ಮ ಹೋಗಲಿಲ್ಲ. ಮೇಡಮ್ ಬಂದಾಗ ನಾನೂ ಇದ್ದೆ.

"ನೀರು ಬಂತೇನೇ?"

"ಬಂತ್ರಿ. ನಮ್ಮನಿಗಲ್ಲ" ಎಂದು ಹಾಲಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಆಗಲೇ. ಮೇಡಮ್ ಮಾತ್ರ ಹಿಂದಿನ ಗೋಡೆಯ ಹತ್ತಿರ ಬಹಳ ಹೊತ್ತು ನಿಂತಿದ್ದರು. ಅಲ್ಲಿ ತಗಡಿನ ಸೂರು ಹಾಕಿಸಿದರು. ಗಾಳಿ ಅದನ್ನು ಕಿತ್ತು ಪಕ್ಕದ ಸೈಟಿಗೆ ಎಸೆಯಿತು. ಮತ್ತೆ ಹಾಕಿಸಿದರು. ಆ ಗೋಡೆಗೆ ಒತ್ತಿ ಮನೆಯವರು ಬಚ್ಚಲು ಮಾಡಿಕೊಂಡಿದ್ದರು, ಸೌದೆ ಒಟ್ಟಿದ್ದರು. ಅದನ್ನು ತೆಗೆಸಿದರೆ ಮುಂದಿನ ಸಲ ಬರುವಷ್ಟರಲ್ಲಿ ಮತ್ತೆ ಅಲ್ಲೇ ಇರುತ್ತಿತ್ತು. ಮನೆಯ ಹಿಂದೆ ಅಲ್ಲದೆ ಇನ್ನೆಲ್ಲಿ ಒಟ್ಟಬೇಕು?

ಎರಡನೆಯ ಮಳೆಗಾಲಕ್ಕೆ ಆ ಗೋಡೆಯ ಬುಡ ಉಬ್ಬಿತು. ಮೂರನೆಯದಕ್ಕೆ ಕಪ್ಪಾಯಿತು, ಗೆದ್ದಲು ಹತ್ತಿತು. ಉಳಿದ ಮೂರು ಗೋಡೆಗಳಿಗೆ ಏನೂ ಆಗಿರಲಿಲ್ಲ. "ಒಂದು ಗೋಡೆ ಬಿಚ್ಚಿ ಇನ್ನೊಂದು ಹಾಕ್ತೀನಿ. ಅದಕ್ಕೇ ಅಲ್ಲೇನ್ರಿ ಬೋಲ್ಟ್ ಇಟ್ಟಿರೋದು?" ಎಂದರು ಮೇಡಮ್. ಅಷ್ಟು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಮರದ ಮನೆ ಕೊಳೆಯಿತು ಎಂಬ ಸುದ್ದಿ ಊರಲ್ಲಿ ನಡೆದಾಡಿತು. ನೋಡಲು ಬಂದ ಅಧಿಕಾರಿಗಳು ಕಪ್ಪಾದ ಕಡೆಯಷ್ಟೇ ನಿಂತು ಫೋಟೋ ತೆಗೆಸಿಕೊಂಡರು. ಕಾದು ನೋಡುತ್ತಿದ್ದವರು ನಮಗೆ ಸಿಮೆಂಟಿನದೇ ಬೇಕು ಅಂದರು.

ನಾನು ವರದಿ ಬರೆಯುವ ಮೊದಲು ನ್ಯಾಮತಿಗೆ ಹೋದೆ. ಅವರ ಹೇಳಿಕೆ ಬೇಕಿತ್ತು.

"ಬಾಗಿಲು ತಿರುಗಿಸಿದ್ದರಿಂದ ಹೀಗಾಯಿತು ಅಂತ ನೀವು ಹೇಳಿದರೆ ಹಾಗೇ ಬರೆಯುತ್ತೇನೆ. ನಾನೇ ನೋಡಿದ್ದೇನೆ" ಎಂದೆ.

ಅವರು ಕೆಲಸದವರಿಗೆ ಕೂಗಿ ಗರಗಸ ನಿಲ್ಲಿಸಿದರು.

"ಬ್ಯಾಡ್ರಿ."

"ನಿಜ ತಾನೇ?"

"ನಿಜ ಐತೆ. ಬರದ್ರೆ ಏನಾಗ್ತೈತೆ? ಮುದುಕನ್ನ ಊರು ತಿಂತೈತೆ. ಮೊದಲೇ ಮಗೀನ ಕಳ್ಕಂಡ ಮನಿ. ಮನಿ ಕೆಡಿಸಿದ್ದೂ ನೀನೇ ಅಂತಾರೆ. ಸೊಸಿನೂ ಅನ್ನಬಹುದು, ಯಾರು ಕಂಡಾರೆ." ತುರುಬಿಗೆ ಕೈ ಹಾಕಿ ಪೆನ್ಸಿಲ್ ಎಳೆದರು, ಏನೂ ಗೀಚದೆ ವಾಪಸ್ ಸಿಕ್ಕಿಸಿದರು. "ಗೋಡೆ ಇಳಸ್ರಿ ಅಂದಿದ್ದು ನಾನು. ಪಡುವಲ ಮಳಿ ನಮ್ಮ ಕಡಿ ಹೆಂಗೆ ಬರ್ತೈತೆ ಅಂತ ಆ ಮುದುಕನಿಗಿಂತ ನನಗೆ ಗೊತ್ತಿತ್ತು. ಮರದಾಗೆ ದೋಷ ಐತೆ, ಸರಿ ಮಾಡ್ತೀವಿ ಅಂತ ಬರ್ಕಳ್ರಿ."

ಹಾಗೆಯೇ ಬರೆದೆ. ಮುದುಕ ಹೋದ ವರ್ಷ ತೀರಿಕೊಂಡ. ಮೇಡಮ್ ಈಗ ಇಲ್ಲ. ಇನ್ನು ಹೀಗೆ ದಾಖಲಿಸಿದರೆ ನೋಯುವವರು ಉಳಿದಿಲ್ಲ ಅಂದುಕೊಂಡಿದ್ದೇನೆ.

ಸೈಟ್ ಖಾಲಿ ಇದ್ದರೆ ಸಿಮೆಂಟಿನ ಮನೆ ಮಂಜೂರಾಗುತ್ತದೆ ಎಂದು ಯಾರೋ ಕೆಂಚಪ್ಪನಿಗೆ ಹೇಳಿದರು. ಅವನು ನ್ಯಾಮತಿಗೆ ಬಸ್ಸಿನಲ್ಲಿ ಹೋಗಿ, ಸಾಮಿಲ್ಲಿನ ಬಾಗಿಲಲ್ಲಿ ಬಹಳ ಹೊತ್ತು ನಿಂತು, ಕೊನೆಗೆ ಕೇಳಿದನಂತೆ: "ತಪ್ಪು ತಿಳ್ಕಬ್ಯಾಡ್ರಿ ಮೇಡಮ್ಮೋರೆ. ಬಿಚ್ಚಿ ಒಯ್ತೀರೇನ್ರಿ?"

ಬಿಚ್ಚುವ ಕೆಲಸಕ್ಕೆ ಅವರೇ ಬಂದರು. ಸ್ಪ್ಯಾನರ್ ಹಿಡಿದು ಕೆಲವು ಬೋಲ್ಟುಗಳನ್ನು ತಾವೇ ತಿರುಗಿಸಿದರು. ಕಟ್ಟಿದ್ದಕ್ಕಿಂತ ಬೇಗ ಮನೆ ಬಿಚ್ಚಿಕೊಂಡಿತು. ಗೋಡೆಗಳು ಟ್ರೇಲರ್ ಏರಿದವು. ಹಾಲಮ್ಮ ಪಾತ್ರೆಗಳ ಪಕ್ಕ ಕೂತು ನೋಡುತ್ತಿದ್ದಳು. ಕೆಲಸದವರು ಚೌಕಟ್ಟಿನ ಹತ್ತಿರ ಬಂದಾಗ ಎದ್ದು ಬಂದು ಅದನ್ನು ಎರಡೂ ಕೈಯಲ್ಲಿ ಹಿಡಿದಳು.

"ಇದನ್ನ ಬಿಡ್ರಿ. ಪೂಜೆ ಮಾಡಿದ್ದು."

ಮೇಡಮ್ ಕೆಲಸದವರಿಗೆ ಕೈಸನ್ನೆ ಮಾಡಿದರು. ಚೌಕಟ್ಟನ್ನು ಅಲ್ಲೇ ಬಿಟ್ಟು ಟ್ರ್ಯಾಕ್ಟರ್ ಹೊರಟಿತು.

ಸಿಮೆಂಟಿನ ಮನೆ ಬರಲಿಲ್ಲ. ಈ ವರ್ಷ, ಬರುವ ವರ್ಷ ಎನ್ನುತ್ತಿದ್ದಾರೆ. ಹಾಲಮ್ಮ, ಕೆಂಚಪ್ಪ ಹೊಳೆದಂಡೆಗೆ ವಾಪಸಾದರು. ಮರುವರ್ಷ ಶಾಲೆಯ ಕೋಣೆಯಲ್ಲಿ ಮತ್ತೆ ಅವರನ್ನು ಕಂಡೆ. ಕಂಡದ್ದನ್ನು ಮೇಡಮ್ಮಿಗೆ ಹೇಳಲಿಲ್ಲ. ಅವರಾಗಿಯೇ ಹೋಗಿ ನೋಡಿ ಬಂದಿದ್ದರು ಎಂದು ಆಮೇಲೆ ಗೊತ್ತಾಯಿತು.

ಅನಂತರ ಅವರು ಹೊಸ ಮನೆ ಮಾಡಲಿಲ್ಲ. ಬಿಚ್ಚಿ ತಂದ ಮೂರು ಗೋಡೆಗಳಿಗೆ ಒಂದು ಗೋಡೆ, ಒಂದು ಬಾಗಿಲು ಸೇರಿಸಿ ಜಗಳೂರಿನ ಕಡೆಯ ಒಬ್ಬ ಕುರಿಗಾಹಿ ಹೆಂಗಸಿಗೆ ಕಳಿಸಿದರು. ಆಕೆಯ ಮಣ್ಣಿನ ಮನೆ ಕುಸಿದಿತ್ತು. ಒಂದು ಚುನಾವಣೆಯ ಕೆಲಸಕ್ಕೆ ಆ ಕಡೆ ಹೋದಾಗ ನಾನು ಹುಡುಕಿಕೊಂಡು ಹೋದೆ. ಮನೆ ನಿಂತಿದೆ. ಬಿಸಿಲಿಗೆ ಮರ ಕುಗ್ಗಿ ಸಂದು ಬಿಟ್ಟಿದೆ. "ಗಾಳಿ ಒಳಗೆಲ್ಲಾ ಓಡಾಡ್ತೈತ್ರಿ, ದೆವ್ವ ಸಿಳ್ಳೆ ಹಾಕಿದಂಗೆ. ರೂಢಿ ಆಗೇತಿ" ಅಂದಳು ಆಕೆ. ಇದನ್ನು ಮೇಡಮ್ಮಿಗೆ ಹೇಳಿದಾಗ ಅವರು ಖುಷಿಪಡುತ್ತಾರೆ ಅಂದುಕೊಂಡಿದ್ದೆ. "ಮಳಿ ಬರದ ಊರಾಗೆ ಯಾರು ಬೇಕಾದ್ರೂ ಮನಿ ಕಟ್ತಾರೆ" ಅಂದರು.

ಕೊನೆಗಾಲದಲ್ಲಿ ಸಾಮಿಲ್ ಅವರ ತಮ್ಮನ ಕೈಗೆ ಹೋಯಿತು. ಗರಗಸ ನಿಂತಿತು. ಈಗ ಅಲ್ಲಿ ಸಿಮೆಂಟು, ಕಬ್ಬಿಣದ ವ್ಯಾಪಾರ. ಅಂಗಳದ ಮಾದರಿ ಮನೆಯಲ್ಲಿ ಸಿಮೆಂಟಿನ ಚೀಲಗಳನ್ನು ಒಟ್ಟಿದ್ದಾರೆ. ಥಂಡಿ ಹತ್ತದೆ ಬಹಳ ಚೆನ್ನಾಗಿ ಉಳಿಯುತ್ತವೆ ಎಂದು ಆ ತಮ್ಮ ಹೇಳಿದರು. ಅವರು ವ್ಯಂಗ್ಯಕ್ಕೆ ಹೇಳಿದ್ದಲ್ಲ. ಮೇಡಮ್ ಆಸ್ಪತ್ರೆ ಸೇರಿದ ಮೇಲೆ ನೋಡಲು ಹೋದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ತುರುಬು ಬಿಚ್ಚಿ ಕೂದಲನ್ನು ಕತ್ತರಿಸಿದ್ದರು. "ಹೆಂಗದೀರಿ?" ಎಂದೆ. ಕೈ ಎತ್ತಿ ಗೋಡೆಯನ್ನು ಬೆರಳಿನಿಂದ ತಟ್ಟಿದರು. ಸದ್ದು ಬರುವಷ್ಟು ಶಕ್ತಿ ಇರಲಿಲ್ಲ.

ಅವರ ಮಣ್ಣು ಮುಗಿಸಿ ನ್ಯಾಮತಿಯಿಂದ ಮೋಟಾರ್ ಬೈಕಿನಲ್ಲಿ ವಾಪಸ್ ಬರುವಾಗ ಹೊಳೆದಂಡೆಯ ಕಡೆ ತಿರುಗಿದೆ. ಹಾಲಮ್ಮನಿಗೆ ಯಾರೂ ಹೇಳಿರಲಾರರು ಅನ್ನಿಸಿತ್ತು. ಅವಳು ದಂಡೆಯ ಮನೆಯಲ್ಲಿರಲಿಲ್ಲ. ಶುಕ್ರವಾರ, ಮೇಲೆ ಬಡಾವಣೆಗೆ ಹೋಗ್ಯಾಳೆ ಎಂದರು ಪಕ್ಕದವರು.

ಚೌಕಟ್ಟು ದೂರದಿಂದಲೇ ಕಾಣುತ್ತದೆ. ಸುತ್ತ ಸೈಟುಗಳಲ್ಲಿ ಮುಳ್ಳುಗಿಡ ಬೆಳೆದಿದೆ. ಕಟ್ಟೆ ಮಾತ್ರ ಗುಡಿಸಿತ್ತು. ಹಾಲಮ್ಮ ಕೆಳಗಿನಿಂದ ಹೊತ್ತು ತಂದ ಕೊಡದ ನೀರಿನಲ್ಲಿ ಹೊಸ್ತಿಲು ತೊಳೆದು ಅರಿಶಿಣ ಹಚ್ಚುತ್ತಿದ್ದಳು. ಮರ ಎಲ್ಲೂ ಕಪ್ಪಾಗಿರಲಿಲ್ಲ. ನಾನು ಮೇಡಮ್ ತೀರಿಕೊಂಡ ಸುದ್ದಿ ಹೇಳಿದೆ. ಅವಳು ಬೆರಳಲ್ಲಿದ್ದ ಅರಿಶಿಣವನ್ನು ಹೊಸ್ತಿಲಿಗೆ ಹಚ್ಚಿ ಮುಗಿಸಿದಳು. ಆಮೇಲೆ ಚೌಕಟ್ಟಿಗೆ ತಲೆ ಆನಿಸಿ ಕೂತಳು.

"ಊಟ ಮಾಡೀಯೋ ಇಲ್ಲೋ ಅಂತ ಕೇಳೋರು, ಬಂದಾಗೆಲ್ಲ" ಅಂದಳು.

ಪಡುವಣದಲ್ಲಿ ಮೋಡ ಕಟ್ಟಿತ್ತು. ನಾನು ಹೊರಡಲು ತಿರುಗಿದೆ. ಅವಳು ಕಣ್ಣೊರೆಸಿಕೊಂಡು, ಮನೆಗೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿದೆನಲ್ಲ ಎಂಬ ಸಂಕೋಚದಿಂದ ಸರಿದು ದಾರಿ ಬಿಟ್ಟಳು.

"ಹೊರಗೇ ನಿಂತೀರಲ್ರಿ. ಒಳಗ್ ಬರ್ರಿ."

ನಾನು ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ, ಒಳಗೆ ಹೋದೆ.